ತೊಟ್ಟೆ ಬೇಡ, ಕೊಟ್ಟೆ ಸಾಕು

ಸೋಣ ತಿಂಗಳು ಕಳೆದು ಕನ್ಯಾ ಹಿಡಿಯಿತೆಂದರೆ ನಮ್ಮ ಗಡಿನಾಡಿನ ಮನೆಗಳಲ್ಲಿ ತರಕಾರಿ ನಟ್ಟಿಯ ಮಾತು ಶುರುವಾಗುತ್ತದೆ. ಬದನೆ, ಅಲಸಂಡೆ, ಹರಿವೆ ಮಾಡಿ ಗೊತ್ತಿದ್ದವರಿಗೂ ಟೊಮೆಟೊ ಎಂದರೆ ಸ್ವಲ್ಪ ಹಿಂಜರಿಕೆ. ‘ಅದು ಘಟ್ಟದ ಮೇಲಿನ ಬೆಳೆ ಮಾರಾಯ್ರೇ, ನಮ್ಮಲ್ಲಿ ಆಗುವುದಿಲ್ಲ’ ಎಂದು ಕೈಬಿಟ್ಟವರೇ ಹೆಚ್ಚು. ಪೇಟೆಯಲ್ಲಿ ಕೋಲಾರದ್ದೋ ಮೈಸೂರು ಕಡೆಯದ್ದೋ ಸಿಗುತ್ತದಲ್ಲ!

ಸಿಗುತ್ತದೆ, ಗಡಿ ತೆರೆದಿದ್ದರೆ. 2020ರ ಮಾರ್ಚ್‌ನಲ್ಲಿ ಲಾಕ್‌ಡೌನ್ ಹೊತ್ತಿಗೆ ಕರ್ನಾಟಕವು ಗಡಿ ರಸ್ತೆಗಳಿಗೆ ಮಣ್ಣು ಸುರಿದು ಮುಚ್ಚಿದ್ದನ್ನು ಇಲ್ಲಿಯವರು ಮರೆತಿಲ್ಲ. ಮಂಗಳೂರಿನ ಆಸ್ಪತ್ರೆಗೆ ತಲುಪಲಾಗದೆ ಜೀವ ಹೋದವರ ಎದುರು ತರಕಾರಿಯ ಮಾತು ಸಣ್ಣದೇ. ಆದರೂ ತಲಪಾಡಿಯ ಆಚೆ ಮಗಳು, ಈಚೆ ತಾಯಿ ಎಂಬಂತಿರುವ ನಮ್ಮ ಕುಟುಂಬಗಳಿಗೆ ಅಡುಗೆಮನೆಯೂ ಎಷ್ಟರ ಮಟ್ಟಿಗೆ ಒಂದು ಗೇಟನ್ನು ನಂಬಿಕೊಂಡಿದೆ ಎಂದು ಗೊತ್ತಾದದ್ದು ಆಗ. 2023ರ ಜುಲೈಯಲ್ಲಿ ಟೊಮೆಟೊ ಕಿಲೋಗೆ 100 ರೂಪಾಯಿ ದಾಟಿದಾಗ ಮತ್ತೊಮ್ಮೆ ನೆನಪಾಯಿತು.

ಹಾಗಾಗಿ ಟೊಮೆಟೊ ಮನೆಯಲ್ಲೇ ಮಾಡಬೇಕು ಎಂಬುದು ನನ್ನ ವಾದ. ಆದರೆ ಸಸಿ ಎಲ್ಲಿಂದ? ಹೆಚ್ಚಾಗಿ ನಮಗೆ ಸಿಗುವುದು ಕಪ್ಪು ಪ್ಲಾಸ್ಟಿಕ್ ತೊಟ್ಟೆಯಲ್ಲಿ. ಬ್ಲೇಡಿನಲ್ಲಿ ಸೀಳಿ ಗಿಡ ತೆಗೆಯುವಾಗ ಅರ್ಧ ಮಣ್ಣು ಉದುರುತ್ತದೆ, ಬೇರು ಹರಿಯುತ್ತದೆ, ತೊಟ್ಟೆ ತೋಟದ ಬದಿಗೆ ಹೋಗುತ್ತದೆ. ಮರುವರ್ಷ ಅಗೆಯುವಾಗ ಅದೇ ತೊಟ್ಟೆ ಹಾರೆಗೆ ಸಿಕ್ಕುತ್ತದೆ. ಕೇರಳದಲ್ಲಿ ಒಂದು ಸಲ ಬಳಸಿ ಬಿಸಾಡುವ ಪ್ಲಾಸ್ಟಿಕ್‌ಗೆ 2020ರ ಜನವರಿ 1ರಿಂದಲೇ ನಿಷೇಧ ಬಂದಿದೆ. ಮದುವೆ ಮನೆಯಲ್ಲಿ ಪ್ಲಾಸ್ಟಿಕ್ ಲೋಟ ಕಂಡರೆ ಮುಖ ಸಿಂಡರಿಸುವ ನಾವು ತೋಟದಲ್ಲಿ ಮಾತ್ರ ಅದನ್ನು ಹಸಿರು ಕೆಲಸ ಎಂದು ತಿಳಿದಿದ್ದೇವೆ.

ಬೇರು ಹರಿಯುವುದು ಸಣ್ಣ ವಿಷಯ ಅಲ್ಲ. ನಮ್ಮ ಕರಾವಳಿಯ ಹುಳಿ ಮಣ್ಣಿನಲ್ಲಿ ಟೊಮೆಟೊಕ್ಕೆ ದೊಡ್ಡ ವೈರಿ ಬ್ಯಾಕ್ಟೀರಿಯಾದಿಂದ ಬರುವ ಸೊರಗು ರೋಗ. ನಿನ್ನೆ ಚಂದ ಇದ್ದ ಗಿಡ ಇವತ್ತು ಹಸಿರಾಗಿಯೇ ಬಾಡಿ ನಿಲ್ಲುತ್ತದೆ. ದಂಟು ಕತ್ತರಿಸಿ ಗಾಜಿನ ಲೋಟದ ನೀರಿನಲ್ಲಿ ತೂಗಿ ಹಿಡಿದರೆ ಹಾಲಿನಂಥ ಎಳೆ ಇಳಿಯುವುದು ಕಾಣುತ್ತದೆ. ಈ ರೋಗಾಣು ಮಣ್ಣಿನಲ್ಲೇ ಇದ್ದು ಬೇರಿನ ಗಾಯದ ಮೂಲಕ ಒಳಹೋಗುತ್ತದೆ. ತೊಟ್ಟೆ ಸೀಳಿ ಬೇರು ಹರಿದು ನೆಟ್ಟವರು ಅದಕ್ಕೆ ಬಾಗಿಲು ತೆರೆದುಕೊಟ್ಟ ಹಾಗೆ.

ಬಟ್ಟಲಿನ ಸಮೇತ ಮಣ್ಣಿಗಿಳಿಸಿ, ಬಟ್ಟಲು ಅಲ್ಲೇ ಕರಗುವ ಪದ್ಧತಿ ಹೊರದೇಶಗಳಲ್ಲಿ ಹಳೆಯದು. ಅವರು ಜೌಗು ನೆಲದ ಪೀಟ್ ಎಂಬ ಪದಾರ್ಥದಿಂದ ಮಾಡುತ್ತಾರೆ. ನಮಗೆ ಅದು ಎಂತಕ್ಕೆ? ಹಲಸಿನ ಎಲೆಯ ಕೊಟ್ಟೆ ಕಟ್ಟಿ ಕಡುಬು ಬೇಯಿಸುವ ಜನ ನಾವು. ಅಂಗಳದಲ್ಲಿ ಅಡಿಕೆ ಹಾಳೆ, ತೆಂಗಿನ ಸಿಪ್ಪೆ ಬಿದ್ದು ಕೊಳೆಯುತ್ತಿದೆ. ತೆಂಗಿನ ಸಂಶೋಧನೆ 1916ರಲ್ಲೇ ಶುರುವಾದ ಕಾಸರಗೋಡಿನಲ್ಲಿ, ಸಿಪಿಸಿಆರ್‌ಐ ಇರುವ ಊರಿನಲ್ಲಿ, ಸಸಿಗೆ ಪ್ಲಾಸ್ಟಿಕ್ ಹುಡುಕುವುದೆಂದರೆ ನಾಚಿಕೆಯೇ.

ನಾನು ಮೊದಲ ವರ್ಷ ಮಾಡಿದ್ದು ತಪ್ಪಾಯಿತು. ಯಂತ್ರದಲ್ಲಿ ಒತ್ತಿದ ಹಾಳೆ ಬಟ್ಟಲಿನಲ್ಲಿ ಬೀಜ ಹಾಕಿ ಹಾಗೆಯೇ ಹೂತೆ. ಹಾಳೆ ಗಟ್ಟಿ, ಒಂದು ತಿಂಗಳಿಗೆಲ್ಲ ಕರಗುವುದಿಲ್ಲ. ಬೇರು ಒಳಗೇ ಸುತ್ತಿ ಗಿಡ ಗಿಡ್ಡವಾಯಿತು. ಸಾಲದ್ದಕ್ಕೆ ಗೆದ್ದಲು. ಈಗ ಹಾಳೆಯ ತೆಳು ಅಂಚನ್ನು ಮಾತ್ರ ಸುರುಳಿ ಸುತ್ತಿ, ಬಾಳೆಹಗ್ಗದಲ್ಲಿ ಕಟ್ಟಿ, ತಳ ಇಲ್ಲದೆ ಮರದ ಹಲಗೆಯ ಮೇಲೆ ಸಾಲಾಗಿ ಇಡುತ್ತೇನೆ. ಹಲಸಿನೆಲೆಯ ಕೊಟ್ಟೆ ಇನ್ನೂ ಸುಲಭ. ಮೂರು ನಾಲ್ಕು ವಾರದಲ್ಲಿ ಅದು ಮೆತ್ತಗಾಗುವ ಹೊತ್ತಿಗೆ ಸಸಿಯೂ ನೆಡಲಿಕ್ಕೆ ತಯಾರು. ಒಳಗೆ ತುಂಬಿಸಲು ಮಣ್ಣು, ಹುಡಿ ಮಾಡಿದ ಹಟ್ಟಿಗೊಬ್ಬರ, ತೆಂಗಿನ ನಾರಿನ ಹುಡಿ. ನಾರಿನ ಹುಡಿಯನ್ನು ಎರಡು ಮೂರು ಸಲ ನೀರಿನಲ್ಲಿ ತೊಳೆದು ಕೊಳೆಸಿಯೇ ಬಳಸಬೇಕು, ಇಲ್ಲದಿದ್ದರೆ ಅದರ ಉಪ್ಪು ಮತ್ತು ಚೊಗರು ಎಳೆ ಬೇರನ್ನು ಸುಡುತ್ತದೆ. ನೆಡುವಾಗ ಕೊಟ್ಟೆಯ ಬಾಯಿ ಮಣ್ಣಿನಿಂದ ಮೇಲೆ ಇಣುಕಬಾರದು. ಇಣುಕಿದರೆ ಒಳಗಿನ ತೇವವನ್ನು ಗಾಳಿಗೆ ಎಳೆದುಕೊಡುತ್ತದೆ.

ಕೊಟ್ಟೆ ಕಟ್ಟಿದ ಮಾತ್ರಕ್ಕೆ ಸೊರಗು ಹೋಗುತ್ತದೆ ಎಂದು ನಾನು ಹೇಳುವುದಿಲ್ಲ. ತಳಿಯೂ ಬೇಕು. ಕೇರಳ ಕೃಷಿ ವಿಶ್ವವಿದ್ಯಾಲಯದ ಶಕ್ತಿ, ಮುಕ್ತಿ, ಅನಘ, ಬೆಂಗಳೂರಿನ ಹೆಸರಘಟ್ಟ ಸಂಸ್ಥೆಯ ಅರ್ಕಾ ರಕ್ಷಕ್ ಈ ರೋಗವನ್ನು ತಡೆದುಕೊಳ್ಳುವ ತಳಿಗಳು. ನೆಡುವ ಮೊದಲು ಗುಂಡಿಗೆ ಸುಣ್ಣ ಹಾಕಿ ಹುಳಿ ತಗ್ಗಿಸಬೇಕು. ಬದನೆಯೋ ಮೆಣಸೋ ಸತ್ತ ಜಾಗದಲ್ಲಿ ಟೊಮೆಟೊ ನೆಡಬಾರದು, ಎಲ್ಲ ಒಂದೇ ಕುಟುಂಬ.

ಇಲ್ಲಿ ಇನ್ನೊಂದು ಮಾತು. ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು 2025ರಲ್ಲಿ ಹಾಳೆತಟ್ಟೆಯಿಂದ ಅಡಿಕೆಯ ಕ್ಷಾರಾಂಶ ಆಹಾರಕ್ಕೆ ಇಳಿಯಬಹುದೆಂದು ಆಕ್ಷೇಪ ಎತ್ತಿತು. ತಟ್ಟೆ ಒತ್ತಿ ಬದುಕುವ ಸಣ್ಣ ಘಟಕಗಳಿಗೆ ಇದು ದೊಡ್ಡ ಪೆಟ್ಟು. ಊಟದ ತಟ್ಟೆಯ ಪ್ರಶ್ನೆ ಏನೇ ಇರಲಿ, ಹಾಳೆ ಅಡಿಕೆ ತೋಟದ ಬುಡದಲ್ಲಿ ಕೊಳೆಯುವುದು ಇವತ್ತು ನಿನ್ನೆಯ ಸಂಗತಿಯಲ್ಲ. ಅದೇ ಯಂತ್ರದಲ್ಲಿ ತೆಳು ಹಾಳೆಯ, ತಳದಲ್ಲಿ ಸೀಳು ಇರುವ ಸಸಿ ಬಟ್ಟಲು ಒತ್ತಿದರೆ ಆಗದೇ? ಪಂಚಾಯತುಗಳು ಓಣಕ್ಕೆ ಮೊದಲು ಹಂಚುವ ಸಸಿಗಳಿಗೆ ಕುಟುಂಬಶ್ರೀ ಮಹಿಳೆಯರಿಂದ ಇವನ್ನೇ ಖರೀದಿಸಲಿ. ಬದಿಯಡ್ಕ, ಎಣ್ಮಕಜೆ, ಪೈವಳಿಕೆಗಳಲ್ಲಿ ಹಾಳೆಗೇನು ಬರಗಾಲವೇ? ಎಂಡೋಸಲ್ಫಾನ್ ಆಕಾಶದಿಂದ ಸುರಿದ ನೆಲ ಇದು, ನಾವೇ ಕೈಯಾರೆ ಇನ್ನಷ್ಟು ಸೇರಿಸುವುದು ಬೇಡ.

ಸಸಿಯ ಜತೆ ಒಂದು ಚೀಟಿ ಕೊಡುವುದಾದರೆ ಅದು ಕನ್ನಡದಲ್ಲೂ ಇರಲಿ. ಕನ್ನಡಿಗರಿಗೆ ಭಾಷಾ ಅಲ್ಪಸಂಖ್ಯಾತರೆಂದು ಕೇರಳದ 1969ರ ಅಧಿಕೃತ ಭಾಷಾ ಕಾಯಿದೆಯಲ್ಲೇ ಅವಕಾಶ ಇದೆ. ನೆರೆಮನೆಯ ಅಜ್ಜಿಗೆ ಒಮ್ಮೆ ಸಿಕ್ಕಿದ ಚೀಟಿ ಪೂರ್ತಿ ಮಲಯಾಳದಲ್ಲಿತ್ತು. ಶಾಲೆಗೆ ಹೋಗುವ ಮೊಮ್ಮಗ ಓದಿ ಹೇಳುವ ತನಕ ಸುಣ್ಣವನ್ನು ಗೊಬ್ಬರದ ಜತೆಗೇ ಕಲಸಿಟ್ಟಿದ್ದರು.

ಈ ಸಲ ನಾನು ನಲ್ವತ್ತು ಕೊಟ್ಟೆ ಕಟ್ಟಿದ್ದೇನೆ. ಆರನೇ ದಿನಕ್ಕೆ ಮೂವತ್ತೊಂದು ಮೊಳೆತಿವೆ. ಎರಡನ್ನು ಕೋಳಿ ಕೆದಕಿತು. ಬೀಜ ಇನ್ನೂ ಉಳಿದಿದೆ, ಆಚೆಯ ನೆಂಟರು ಈ ಕಡೆ ಬಂದಾಗ ಒಂದು ಚಿಟಿಕೆ ಕೊಂಡುಹೋಗಬಹುದು.