ದೂರದ ಸಮರ, ನೆರೆಯ ಮನೆ

ಅಡಕೆ ತೆಂಗುಗಳ ನಡುವಿನ ನಮ್ಮ ಶಿವನಿಯ ಸೀಮೆಗೂ ಆಫ್ರಿಕಾಖಂಡದ ಸುಡಾನಿಗೂ ಏನು ಸಂಬಂಧವೆಂದು ಕೇಳುವವರಿಗೆ, 2023ರ ಏಪ್ರಿಲ್ 15ರಂದು ಅಲ್ಲಿ ಸೇನೆಗೂ ಅರೆಸೇನಾಪಡೆಗೂ ಸಮರವಾರಂಭವಾದಾಗ, ನೆರೆಯ ಚನ್ನಗಿರಿ, ಶಿವಮೊಗ್ಗ ಹಾಗೂ ದೂರದ ಹುಣಸೂರುಗಳಿಂದ ಹೋಗಿದ್ದ ಹಕ್ಕಿಪಿಕ್ಕಿ ಬುಡಕಟ್ಟಿನ ಜನರು ಗುಂಡಿನ ಸದ್ದಿನ ನಡುವೆ ಸಿಲುಕಿ ಅನ್ನನೀರಿಗೂ ಪರಿತಪಿಸಿದರೆಂಬುದನ್ನು ನೆನಪಿಸಬೇಕಾಗಿದೆ. ಅವರಲ್ಲಿ ಆಯುಧಪಾಣಿಗಳಾರೂ ಇರಲಿಲ್ಲ. ಇದ್ದುದು ಗಿಡಮೂಲಿಕೆಯ ಗಂಟು, ಕೇಶತೈಲದ ಸೀಸೆ. ಎಲ್ ಫಶೇರ್ ನಗರವೊಂದರಲ್ಲೇ 31 ಮಂದಿ ಇದ್ದರೆಂದು ಆಗ ವರದಿಯಾಗಿತ್ತು.

ಕಾಡಿನ ಬೇಟೆ ನಿಷಿದ್ಧವಾದ ಮೇಲೆ ಬೇರೊಂದು ಜೀವನೋಪಾಯವನ್ನರಸಿ ಸಮುದ್ರ ದಾಟುವ ಈ ಜನರ ಸಾಹಸವನ್ನು ನಾನು ಗೌರವದಿಂದಲೇ ಕಾಣುತ್ತೇನೆ; ಆದರೆ ತಾಯಿತಂದೆಗಳು ಪರದೇಶದಲ್ಲಿ ಬಂದಿಗಳಂತಾದಾಗ, ಊರಿನಲ್ಲಿ ಅಜ್ಜಿಯ ಮಡಿಲಲ್ಲಿ ಕುಳಿತ ಕೂಸು ಅನುಭವಿಸುವ ಭಯವು, ಯುದ್ಧಭೂಮಿಯ ಕೂಸಿನ ಭಯಕ್ಕಿಂತ ಬೇರೆ ಜಾತಿಯದೇನೂ ಅಲ್ಲ.

ಏಪ್ರಿಲ್ 24ರಂದು ಭಾರತ ಸರಕಾರವು ‘ಆಪರೇಷನ್ ಕಾವೇರಿ’ಯನ್ನು ಆರಂಭಿಸಿ, ಪೋರ್ಟ್ ಸುಡಾನಿನಿಂದ ಜೆಡ್ಡಾದ ಮಾರ್ಗವಾಗಿ ನಮ್ಮವರನ್ನು ಕರೆತಂದಿತು. ನಮ್ಮ ನದಿಯ ಹೆಸರು ಅಂದು ಸಾರ್ಥಕವಾಯಿತು. ಸುಡಾನಿನ ಮಕ್ಕಳಿಗಾದರೋ ಹೊರಡಲು ಹಡಗಿರಲಿಲ್ಲ. ಲಕ್ಷಾಂತರ ಎಳೆಯರು ಮನೆಮಠಗಳನ್ನು ಕಳೆದುಕೊಂಡರು.

ಮರಳಿ ಬಂದವರನ್ನು ಬರಿಗೈಯಲ್ಲಿ ಬಿಟ್ಟರೆ ಅವರು ಮತ್ತೊಂದು ಸಮರದ ನಾಡಿಗೆ ಹೊರಡುವುದು ಅನಿವಾರ್ಯ. ಹಕ್ಕಿಪಿಕ್ಕಿ ಕಾಲೊನಿಗಳ ಮಕ್ಕಳಿಗೆ ವಸತಿಶಾಲೆಯನ್ನೂ, ಹಿರಿಯರ ತೈಲ ತಯಾರಿಕೆಗೆ ಇಲ್ಲಿಯೇ ಮಾರುಕಟ್ಟೆಯನ್ನೂ ಸರಕಾರವು ಒದಗಿಸಿಕೊಡಬೇಕೆಂದು ಪ್ರಾರ್ಥಿಸುತ್ತೇನೆ.