ಮನೆಯ ಲೆಕ್ಕ: ಅಡಿಯಿಂದ ಮೀಟರಿಗೆ

ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯನ್ನು ನಮ್ಮ ವಾಚಕರಲ್ಲಿ ಅನೇಕರು ಹೆಸರಿನಿಂದಲಾದರೂ ಬಲ್ಲರು. 1892ರಲ್ಲಿ ರೈಸ್ ಸಾಹೇಬರು ಅಶೋಕನ ಶಾಸನವನ್ನು ಕಂಡುದು ಇಲ್ಲಿ. 1947ರಲ್ಲಿ ವೀಲರ್ ಮಹಾಶಯರು ಭೂಶೋಧನೆ ನಡೆಸಿದುದೂ ಇಲ್ಲಿಯೇ. ವೀಲರರ ವರದಿಯಲ್ಲಿ ಅಳತೆಗಳು ಅಡಿ ಅಂಗುಲಗಳಲ್ಲಿವೆ. ಈಚಿನ ಬರಹಗಳಲ್ಲಾದರೋ ಬೆಟ್ಟವು ಸುತ್ತಣ ಬಯಲಿನಿಂದ ಸುಮಾರು 180 ಮೀಟರ್ ಎತ್ತರವೆಂದೂ, ಪೂರ್ವಪಶ್ಚಿಮವಾಗಿ ಸುಮಾರು 500 ಮೀಟರ್ ಉದ್ದವೆಂದೂ ಕಾಣುವುದು. ಹಳೆಯದನ್ನೂ ಹೊಸದನ್ನೂ ಕೂಡಿಸಿ ಓದುವವರು ಒಂದನ್ನು ಮತ್ತೊಂದಕ್ಕೆ ತಿರುಗಿಸಿಕೊಳ್ಳದೆ ವಿಧಿಯಿಲ್ಲ.

ಸೂತ್ರವೇನೋ ಸುಲಭವಾದುದೇ. 1959ರ ಅಂತರರಾಷ್ಟ್ರೀಯ ಒಪ್ಪಂದದಂತೆ ಅಂಗುಲವೊಂದಕ್ಕೆ ಸರಿಯಾಗಿ 2.54 ಸೆಂಟಿಮೀಟರ್, ಆದುದರಿಂದ ಅಡಿಗೆ 30.48, ಗಜಕ್ಕೆ 91.44. ದಾರಿಯ ಲೆಕ್ಕಕ್ಕೆ ಐದು ಮೈಲಿಗೆ ಎಂಟು ಕಿಲೋಮೀಟರೆಂದು ನೆನಪಿಟ್ಟರೆ ಸಾಕು. ನೂರು ಮೈಲಿಯ ಪ್ರಯಾಣದಲ್ಲಿಯೂ ವ್ಯತ್ಯಾಸವು ಒಂದು ಕಿಲೋಮೀಟರನ್ನು ಮುಟ್ಟದು.

ತೊಡಕಿರುವುದು ಸೂತ್ರದಲ್ಲಲ್ಲ. ಮೇಲಿನ 180 ಮೀಟರನ್ನು ಯಂತ್ರದಲ್ಲಿ ತಿರುಗಿಸಿದರೆ 590.55 ಅಡಿ ಎಂದು ಬರುವುದು. ಬೆಟ್ಟವನ್ನು ಅಂಗುಲದವರೆಗೆ ಅಳೆದವರಂತೆ ಹೀಗೆ ಬರೆಯುವುದು ನಮಗೆ ಸರಿತೋರದು. ಮೂಲದಲ್ಲಿ ‘ಸುಮಾರು’ ಎಂದಿದ್ದರೆ ತಿರುಗಿಸಿದಾಗಲೂ ‘ಸುಮಾರು 600 ಅಡಿ’ ಎನ್ನುವುದೇ ಯುಕ್ತ.

ಆದರೆ ಬೆಟ್ಟಕ್ಕೆ ಸಲ್ಲುವ ಈ ಔದಾರ್ಯವು ಮನೆಯ ನಿವೇಶನಕ್ಕೆ ಸಲ್ಲದು. 30 ಅಡಿಗೆ 40 ಅಡಿಯ ನಿವೇಶನವನ್ನು ಕ್ರಯಪತ್ರದಲ್ಲಿ 9 ಮೀಟರಿಗೆ 12 ಮೀಟರೆಂದು ಬರೆಯಿಸಿದರೆಂದು ಭಾವಿಸಿ. ನಿಜವಾದ ಅಳತೆ 9.14 ಮತ್ತು 12.19. ಅಗಲದಲ್ಲಿ ಸುಮಾರು ಐದೂವರೆ ಅಂಗುಲವೂ ಉದ್ದದಲ್ಲಿ ಏಳೂವರೆ ಅಂಗುಲವೂ ಹೋಯಿತು. ಒಟ್ಟು ವಿಸ್ತೀರ್ಣವು 111.48 ಚದರ ಮೀಟರಿನಿಂದ 108ಕ್ಕೆ ಇಳಿದು, ಮೂವತ್ತೇಳು ಚದರ ಅಡಿಗೂ ಮೇಲ್ಪಟ್ಟ ನೆಲವು ಕಾಗದದ ಮೇಲೆಯೇ ಕರಗಿತು! ನೆರೆಯವನು ಗೋಡೆಯೆತ್ತುವ ದಿನ ಈ ಅಂಗುಲಗಳೇ ವ್ಯಾಜ್ಯಕ್ಕೆ ಬೀಜವಾಗುವುವು. ಚಕ್ಕುಬಂದಿಯನ್ನು ಬರೆಯಿಸುವಾಗ ದಶಾಂಶದ ಎರಡು ಸ್ಥಾನಗಳನ್ನಾದರೂ ಬಿಡದಿರುವುದು ಲೇಸು.

ಗೃಹಿಣಿಯರಿಗೂ ಒಂದು ಮಾತು. ಮೊಳಕಾಲ್ಮೂರಿನ ರೇಷ್ಮೆ ಸೀರೆಯನ್ನು ಕೊಳ್ಳುವಾಗ ಆರು ಗಜವೆಂದರೆ 5.49 ಮೀಟರ್, ಒಂಬತ್ತು ಗಜವೆಂದರೆ 8.23. ಆರು ಗಜಕ್ಕೆ ಐದು ಮೀಟರ್ ಸಾಕೆಂದು ಅಂಗಡಿಯವನು ಹೇಳಿದರೆ ನಂಬತಕ್ಕದ್ದಲ್ಲ. ಒಂದು ಮೊಳಕ್ಕೂ ಹೆಚ್ಚು ಸೆರಗು ಕಡಿಮೆ ಬೀಳುವುದು.

ಅಂಕೆಯ ಮುಂದೆ ಮಾನದ ಹೆಸರಿಲ್ಲದಿದ್ದರೆ ಏನಾಗುವುದೆಂಬುದಕ್ಕೂ ಬ್ರಹ್ಮಗಿರಿಯೇ ಸಾಕ್ಷಿ. ಅಲ್ಲಿಯ ಶಾಸನದಲ್ಲಿ 256 ಎಂಬ ಅಂಕೆಯಿದೆ. ಏತರ 256 ಎಂಬುದು ಸ್ಪಷ್ಟವಿಲ್ಲ. ಬುದ್ಧನ ನಿರ್ವಾಣದಿಂದ ಕಳೆದ ವರ್ಷಗಳೆಂದು ಬ್ಯೂಲರರಂತಹ ಪಂಡಿತರೇ ಎಣಿಸಿದ್ದರು. ಬಿಹಾರದ ಸಹಸ್ರಾಮಿನಲ್ಲಿರುವ ಇದೇ ಶಾಸನದ ಪಾಠದಲ್ಲಿ ರಾತ್ರಿಯೆಂಬ ಅರ್ಥದ ಶಬ್ದವನ್ನು ಗುರುತಿಸಿದ ಮೇಲೆ, ಅದು ಸಂಚಾರದಲ್ಲಿ ಕಳೆದ 256 ರಾತ್ರಿಗಳೆಂಬ ಅಭಿಪ್ರಾಯವು ನೆಲೆಗೊಂಡಿತು. ಮನೆಯ ನಕ್ಷೆಯನ್ನು ಮೇಸ್ತ್ರಿಯ ಕೈಗೆ ಕೊಡುವ ಮುನ್ನ ಪ್ರತಿಯೊಂದು ಅಂಕೆಯ ಮುಂದೆಯೂ ಅಡಿಯೋ ಮೀಟರೋ ಬರೆದಿದೆಯೇ ಎಂದು ಒಮ್ಮೆ ನೋಡಿಕೊಳ್ಳಿರಿ.