ಮೂಲೆಯಲ್ಲಿ ಬರೆದ ಹೆಸರು

ರಾಜಧಾನಿಯ ಪತ್ರಿಕೆಯೊಂದು ಈಚೆಗೆ ಕನ್ನಡ ವಿನ್ಯಾಸ ಕಲೆಯ ವಿಶೇಷ ಸಂಚಿಕೆ ತಂದಿದೆ. ಮುಖಪುಟ, ಅಕ್ಷರ, ಸಿನಿಮಾ ಪೋಸ್ಟರು ಎಲ್ಲವೂ ಅದರಲ್ಲಿವೆ. ಸಂದರ್ಶನ ಕೊಟ್ಟವರೆಲ್ಲ ಬೆಂಗಳೂರಿನವರು. ಪೋಸ್ಟರಿನ ಮೇಲೆ ಅಷ್ಟು ಪುಟ ಬರೆದವರಿಗೆ ಎಸ್.ಎಂ. ಪಂಡಿತರು ನೆನಪಾಗಲಿಲ್ಲ. 1916ರಲ್ಲಿ ಕಲಬುರಗಿಯಲ್ಲಿ ಹುಟ್ಟಿ, ಮುಂಬಯಿಗೆ ಹೋಗಿ, ಹಿಂದಿ ಸಿನಿಮಾದ ಪೋಸ್ಟರಿಗೂ ‘ಫಿಲ್ಮ್ ಇಂಡಿಯಾ’ದ ಮುಖಪುಟಕ್ಕೂ ದೇಶದ ಮನೆಮನೆಯ ಕ್ಯಾಲೆಂಡರಿಗೂ ಬಣ್ಣ ಕೊಟ್ಟ ಪಂಡಿತರನ್ನು ಬಿಟ್ಟು ಪೋಸ್ಟರಿನ ಕಥೆ ಹೇಳುವುದು ಹೇಗೆ? ಅವರು 1993ರಲ್ಲಿ ತೀರಿಕೊಂಡರು. ನಮ್ಮ ಕಲಬುರಗಿ ಸೀಮೆಯನ್ನು ಮರೆಯುವ ಚಾಳಿ ಮಾತ್ರ ಇನ್ನೂ ಜೀವಂತವಾಗಿದೆ.

ಇದಕ್ಕಿಂತ ನಮ್ಮನ್ನು ಕೆರಳಿಸಿದ ಸಂಗತಿ ಇನ್ನೊಂದಿದೆ. ಇಲ್ಲಿನ ಆದಿತ್ಯನಗರದ ಸಿಮೆಂಟ್ ಕಾಲೊನಿಯಲ್ಲಿ ಬೆಳೆದ ಹುಡುಗಿಯೊಬ್ಬಳು ವಿನ್ಯಾಸ ಓದುತ್ತಿದ್ದಾಳೆ. ಕಸುಬಿನಲ್ಲಿರುವ ಮೂವರನ್ನು ಕಂಡು ಮಾತಾಡಿಸಿ ಬರೆಯಬೇಕೆಂಬುದು ಅವಳ ಪಾಠದ ಕೆಲಸ. ಬೆಂಗಳೂರಿನ ಸ್ಟುಡಿಯೋಗಳಿಗೆ ಪತ್ರ ಬರೆದಳು, ಫೋನು ಮಾಡಿದಳು. ಹೆಚ್ಚಿನವರು ಉತ್ತರಿಸಲಿಲ್ಲ. ಒಂದು ಕಡೆಯವರು ಸಂದರ್ಶನಕ್ಕೆ ಸಮಯವಿಲ್ಲ, ಬೇಕಾದರೆ ಎರಡು ತಿಂಗಳು ಸಂಬಳವಿಲ್ಲದೆ ದುಡಿಯಲು ಬಾ ಎಂದರು. ಬೇಸತ್ತು ನಮ್ಮ ಪತ್ರಿಕೆಯ ಬಳಿಗೆ ಬಂದಾಗ ವಾಡಿಯಲ್ಲಿ ಮೂವತ್ತು ವರ್ಷದಿಂದ ಅಂಗಡಿ ಫಲಕ ಬರೆಯುವವರೊಬ್ಬರ ಮನೆ ತೋರಿಸಿದೆವು. ಮೂರು ಮಧ್ಯಾಹ್ನ ಅವರ ಪಕ್ಕದಲ್ಲಿ ಕೂತು ನೋಟ್‌ಬುಕ್ ತುಂಬಿಸಿಕೊಂಡು ಬಂದಳು. ಅವಳ ಕಾಲೇಜು ಅದನ್ನು ತಿರಸ್ಕರಿಸಿತು. ಫಲಕ ಬರೆಯುವವರು ‘ವೃತ್ತಿಪರರು’ ಅಲ್ಲವಂತೆ.

ಬಣ್ಣದ ಡಬ್ಬಿಯಿಂದಲೇ ಮನೆ ನಡೆಸಿ ಮಕ್ಕಳನ್ನು ಓದಿಸಿದವರು ವೃತ್ತಿಪರರಲ್ಲದಿದ್ದರೆ ಮತ್ಯಾರು?

ಆ ನೋಟ್‌ಬುಕ್ಕನ್ನು ನಾವು ಪೂರ್ತಿ ಓದಿದ್ದೇವೆ. ಕನ್ನಡ, ಉರ್ದು, ಇಂಗ್ಲಿಷ್ ಮೂರನ್ನೂ ಒಂದೇ ಉದ್ದನೆಯ ತಗಡಿನ ಮೇಲೆ ಕೂರಿಸುವುದು ವಾಡಿ, ಶಹಾಬಾದಿನ ಕಲಾವಿದರಿಗೆ ದಿನದ ಕೆಲಸ. ಕನ್ನಡದ ಗುಡಿಸು ಗೆರೆಯ ಮೇಲಕ್ಕೆ ಏರುತ್ತದೆ, ಒತ್ತು ಕೆಳಕ್ಕೆ ಇಳಿಯುತ್ತದೆ. ಉರ್ದು ಬಲದಿಂದ ಹೊರಟು ಇಳಿಜಾರಿನಲ್ಲಿ ಎಡಕ್ಕೆ ಸರಿಯುತ್ತದೆ. ಇಂಗ್ಲಿಷಿನ ದೊಡ್ಡಕ್ಷರ ಒಂದೇ ಎತ್ತರಕ್ಕೆ ನಿಲ್ಲುತ್ತದೆ. ಆ ಹಿರಿಯರು ಮೊದಲು ಒತ್ತಿಗೆ ಜಾಗ ಬಿಟ್ಟು, ಆಮೇಲೆ ಅಕ್ಷರದ ಎತ್ತರ ಗೊತ್ತುಮಾಡುತ್ತಾರೆ. ಸುಣ್ಣ ಹಚ್ಚಿದ ದಾರ ಬಡಿದು ಗೆರೆ ಎಳೆಯುತ್ತಾರೆ. ಫ್ಲೆಕ್ಸ್ ಅಂಗಡಿಯ ಕಂಪ್ಯೂಟರಿನಲ್ಲಿ ಅಕ್ಷರವನ್ನು ಹಿಂಜಿ ಉದ್ದ ಮಾಡುತ್ತಾರೆ, ಒತ್ತು ಹೋಗಿ ಕೆಳಗಿನ ಸಾಲಿಗೆ ತಾಗುತ್ತದೆ. ಯಾವುದು ವಿನ್ಯಾಸ, ಯಾವುದು ಅಲ್ಲ ಎಂದು ನೋಡುವ ಕಣ್ಣು ಆ ಹುಡುಗಿಗೆ ಮೂರು ಮಧ್ಯಾಹ್ನದಲ್ಲಿ ಬಂತು. ಅವಳ ಪರೀಕ್ಷಕರಿಗೆ ಇನ್ನೂ ಬಂದಿಲ್ಲ.

ಈ ಸೀಮೆಗೆ ಇದು ಹೊಸ ವಿದ್ಯೆಯೇ? ಚಿತ್ತಾಪುರ ತಾಲೂಕಿನ ಸನ್ನತಿಯ ಬಳಿ ಕನಗನಹಳ್ಳಿಗೆ ಹೋಗಿ ನೋಡಿ. 1990ರ ದಶಕದ ಉತ್ಖನನದಲ್ಲಿ ಅಲ್ಲಿ ಸಿಕ್ಕ ಸುಣ್ಣಕಲ್ಲಿನ ಫಲಕದಲ್ಲಿ ಪರಿವಾರದೊಡನೆ ನಿಂತ ಅಶೋಕನಿದ್ದಾನೆ, ಜೊತೆಗೆ ಬ್ರಾಹ್ಮಿ ಲಿಪಿಯಲ್ಲಿ ಅವನ ಹೆಸರಿದೆ. ಆ ಅಕ್ಷರಗಳಿರದಿದ್ದರೆ ಅವನು ಯಾರೋ ಒಬ್ಬ ರಾಜ. ಚಿತ್ರಕ್ಕೆ ಅಕ್ಷರ ಸೇರಿದಾಗ ಏನಾಗುತ್ತದೆ ಎಂಬ ಪಾಠ ಎರಡು ಸಾವಿರ ವರ್ಷದ ಹಿಂದೆಯೇ ನಮ್ಮ ಕಲ್ಲಿನಲ್ಲಿ ಕೊರೆದಿದೆ. ಆದಿತ್ಯನಗರಕ್ಕೆ ಹತ್ತಿರದ ಮಳಖೇಡವೇ ರಾಷ್ಟ್ರಕೂಟರ ಮಾನ್ಯಖೇಟ. ಓದು ಕಲಿಯದವರಲ್ಲೂ ಕಾವ್ಯದ ಪರಿಣತಿ ಉಂಟೆಂದು ಗೌರವದಿಂದ ಹೇಳಿದ ‘ಕವಿರಾಜಮಾರ್ಗ’ ಹುಟ್ಟಿದ್ದು ಆ ಆಸ್ಥಾನದಲ್ಲಿ. ಪದವಿ ಇಲ್ಲದವನ ಕೈಗೆ ಬೆಲೆಯಿಲ್ಲ ಎನ್ನುವ ಮಾತನ್ನು ಈ ನೆಲದಲ್ಲಿ ನಿಂತು ಆಡಬೇಡಿ.

ಸ್ಟುಡಿಯೋದವರಿಗೆ ನಮ್ಮ ಮಾತು: ವಿದ್ಯಾರ್ಥಿಯ ಪತ್ರಕ್ಕೆ ಉತ್ತರ ಬರೆಯುವುದು ಉಪಕಾರವಲ್ಲ, ನೀವು ತೀರಿಸಬೇಕಾದ ಸಾಲ. ನಿಮಗೂ ಯಾರೋ ಕೂರಿಸಿಕೊಂಡು ಹೇಳಿಕೊಟ್ಟಿದ್ದಾರೆ. ಪಂಡಿತರಿಗೂ ಕಲಬುರಗಿಯಲ್ಲಿ ಶಂಕರರಾವ್ ಆಳಂದಕರರಂಥ ಗುರು ಸಿಕ್ಕಿದ್ದರು. ವಿ.ಜಿ. ಅಂದಾನಿ, ಜೆ.ಎಸ್. ಖಂಡೇರಾವ್ ಅಂಥ ಕಲಾವಿದರು ಊರಲ್ಲೇ ನಿಂತು ಕಲಿಸಿದ್ದರಿಂದ ಇಲ್ಲಿ ದೃಶ್ಯಕಲೆ ಬೇರು ಬಿಟ್ಟಿತು. ಸಂವಿಧಾನದ 371(ಜೆ) ವಿಧಿ 2013ರಲ್ಲಿ ಜಾರಿಗೆ ಬಂದು ನಮ್ಮ ಮಕ್ಕಳಿಗೆ ಕಾಲೇಜಿನ ಸೀಟು ಕೊಟ್ಟಿತು. ಕಸುಬಿನ ಮನೆಯ ಬಾಗಿಲನ್ನು ಯಾವ ಕಾನೂನೂ ತೆರೆಸಲಾರದು, ಒಳಗಿದ್ದವರೇ ತೆರೆಯಬೇಕು.

ವಿದ್ಯಾರ್ಥಿಗಳಿಗೂ ಒಂದು ಮಾತು. ಹತ್ತು ಪ್ರಶ್ನೆಯ ಪಟ್ಟಿಯನ್ನು ಮೊಬೈಲಿಗೆ ಕಳಿಸಿ ಕೈತೊಳೆದುಕೊಳ್ಳಬೇಡಿ. ಸ್ಫೂರ್ತಿ ಯಾರು ಎಂದು ಕೇಳಬೇಡಿ. ಮೊದಲ ಕೆಲಸಕ್ಕೆ ಎಷ್ಟು ಕೂಲಿ ಸಿಕ್ಕಿತು, ಗಿರಾಕಿ ಯಾವುದನ್ನು ಬೇಡವೆಂದ, ಬಿಟ್ಟ ಗೆರೆ ಯಾವುದು ಎಂದು ಕೇಳಿ. ಕೆಲಸ ನಡೆಯುವಾಗ ಹೋಗಿ, ಸುಮ್ಮನೆ ನೋಡಿ, ಕುಂಚ ತೊಳೆದುಕೊಡಿ. ಬರೆದದ್ದನ್ನು ಅವರಿಗೇ ಓದಿ ಹೇಳಿ ತಿದ್ದಿಸಿಕೊಳ್ಳಿ. ಶಹಾಬಾದಿನ ಫರ್ಸಿ ಕಲ್ಲನ್ನು ಪದರು ನೋಡಿ ಸೀಳುವವರು, ಸೇಡಂ, ಚಿಂಚೋಳಿಯ ಗೋಡೆಗಳಿಗೆ ಜಾಹೀರಾತು ಬರೆದವರು ನಿಮ್ಮ ದಾರಿ ಕಾಯುತ್ತಿದ್ದಾರೆ. ಅವರ ಕೈ ನಿಂತ ದಿನ ಅವರ ಜ್ಞಾನವೂ ನಿಲ್ಲುತ್ತದೆ.

ಈ ಸಂಚಿಕೆಯ ವಿಷಯ: ಫಲಕ ಬರೆಯುವವರು.

ಕಾಲೇಜು ಬೇಡವೆಂದ ಆ ಸಂದರ್ಶನವನ್ನು ಒಂದಕ್ಷರ ಬಿಡದೆ ಅಚ್ಚು ಹಾಕಿದ್ದೇವೆ. ವಾಡಿಯ ಆ ಹಿರಿಯರು ಪ್ರತಿ ಫಲಕದ ಕೆಳಗಿನ ಮೂಲೆಯಲ್ಲಿ, ಹುಡುಕಿದರೆ ಮಾತ್ರ ಕಾಣುವಷ್ಟು ಸಣ್ಣದಾಗಿ ತಮ್ಮ ಹೆಸರು ಬರೆಯುತ್ತಾ ಬಂದವರು. ಇಲ್ಲಿ ಅದು ಪುಟದ ತಲೆಯ ಮೇಲೆ ದಪ್ಪಕ್ಷರದಲ್ಲಿದೆ. ಒತ್ತಿಗೆ ಜಾಗ ಬಿಟ್ಟಿದ್ದೇವೆ.